ಅರಿಷಿಣ ಕುಂಕುಮದ ಸವಳು ಹೊಲ

ಬೀಗರ ಮನೆಯ ಜೋಳ ಬಂದ ದಿನ ಗುರುಲಿಂಗಮ್ಮನ ಮುಖ ನೋಡುವಂತಿರುತ್ತಿರಲಿಲ್ಲ. ಸೊಸೆ ರಾಜಶ್ರೀಯ ತಮ್ಮ ಮಸ್ಕಿಯಿಂದ ಟಂಟಂ ಆಟೋದಲ್ಲಿ ಚೀಲ ಹೇರಿಕೊಂಡು ವಳಕಮದಿನ್ನಿಗೆ ಬರುವುದು, ಓಣಿಯ ತುದಿಯಿಂದಲೇ ಹಾರನ್ ಬಾರಿಸುವುದು, ಚೀಲವನ್ನು ಕಟ್ಟೆಯ ಮೇಲೆ ದೊಪ್ಪನೆ ಒಗೆದು "ಈ ಸಲ ಜ್ವಾಳ ಮುತ್ತು ಇದ್ದಂಗದಾವ ನೋಡ್ರೀ" ಎಂದು ಕೂಗುವುದು. ಓಣಿಗೆಲ್ಲ ಕೇಳಲಿ ಅಂತಲೇ ಕೂಗುತ್ತಿದ್ದ, ಓಣಿಗೆಲ್ಲ ಕೇಳುತ್ತಲೂ ಇತ್ತು. ಸುತ್ತ ಕಣ್ಣು ಹಾಯಿಸಿದಷ್ಟೂ ಕಾಲುವೆ ನೀರು, ಭತ್ತದ ಗದ್ದೆ. ಅಂಥ ಊರಿನ ದೊಡ್ಡ ಮನೆಗೆ ರೊಟ್ಟಿಯ ಹಿಟ್ಟು ಮಳೆ ನಂಬಿದ ಮಸ್ಕಿ ಸೀಮೆಯಿಂದ ಬರಬೇಕು!

"ಒಳಗ ಇಡು, ನಿನ್ನ ತವರಿನ ದಾನ," ಎಂದಳು ಗುರುಲಿಂಗಮ್ಮ.

"ದಾನ ಅಂತ ಯಾಕಂತೀರಿ ಅತ್ತಿ? ಮಗಳು ತಿನ್ಲಿ ಅಂತ ಕಳಿಸ್ಯಾರ," ಎಂದಳು ರಾಜಶ್ರೀ.

"ಮಗಳು ಎರಡು ರೊಟ್ಟಿ ತಿಂತಾಳ. ನಿಮ್ಮ ಮಾವ ನಾಕು ತಿಂತಾರ. ತಿಂದು ತೇಗಿ, ಜ್ವಾಳ ಬಡವರ ಬೆಳಿ ಅಂತ ಊರಾಗ ಹೇಳಿಕೋತ ಅಡ್ಡಾಡ್ತಾರ."

ಮಾವ ಶಿವಶರಣಪ್ಪ ಪಡಸಾಲೆಯಲ್ಲೇ ಕೂತಿದ್ದರು. ಹಣೆಗೆ ಮೂರು ಬೆರಳಿನ ವಿಭೂತಿ, ಕೈಯಲ್ಲಿ ಪೇಪರ್. ಕೇಳಿಸಿದ್ದನ್ನು ಕೇಳಿಸಲಿಲ್ಲ ಎನ್ನುವಂತೆ ಪುಟ ತಿರುವುವುದರಲ್ಲಿ ಅವರು ಪಳಗಿದವರು.

ಗುರುಲಿಂಗಮ್ಮನ ಸಿಟ್ಟಿಗೆ ಕಾರಣವಿತ್ತು. ಅವಳಿಗೂ ಒಂದು ಹೊಲವಿತ್ತು. ಮುಕ್ಕುಂದದ ಅವಳಪ್ಪ ಮದುವೆಯಲ್ಲಿ ಅಳಿಯನ ಜಮೀನಿಗೆ ಅಂಟಿಕೊಂಡೇ ಮೂರೆಕರೆ ಎರೆ ಹೊಲ ಕೊಂಡು, ಮಗಳ ಅರಿಷಿಣ ಕುಂಕುಮಕ್ಕೆ ಅಂತ ಅವಳ ಹೆಸರಿಗೇ ಮಾಡಿಸಿದ್ದ. ಆ ಹೊಲದ ಬಿಳಿಜೋಳವನ್ನು ಬೀಸಿ, ತಟ್ಟಿ, ಅವಳು ಮನೆ ಸಾಕಿದ್ದಳು. ಮಸ್ಕಿಯವರಿಗೇ ಒಂದು ಸಲ ಬೀಜಕ್ಕೆ ಕೊಟ್ಟು ಕಳಿಸಿದ್ದಳು. ಈಗ ಅದೇ ಹೊಲ ಬೇಸಿಗೆಯಲ್ಲಿ ಸುಣ್ಣ ಬಳಿದಂತೆ ಬೆಳ್ಳಗೆ ಬಿದ್ದಿರುತ್ತದೆ, ಮಳೆಗಾಲದಲ್ಲಿ ಜೌಗಾಗಿ ನಾರುತ್ತದೆ. ಸವಳು. ಉಪ್ಪು ಮೇಲೆದ್ದು ಹುಲ್ಲೂ ಹುಟ್ಟುವುದಿಲ್ಲ.

ಹೊಲ ತಾನಾಗಿ ಕೆಟ್ಟಿದ್ದಲ್ಲ. ಮೇಲೆ ಗಂಡನ ಜಮೀನು, ನಡುವೆ ಇವಳ ಹೊಲ, ಕೆಳಗೆ ಒಂದು ಹಳ್ಳ, ಹೀಗಿತ್ತು ಮೊದಲು. ಮೇಲಿನ ನೀರೆಲ್ಲ ಬಸಿದು ಹಳ್ಳಕ್ಕೆ ಬಿದ್ದು ಹೋಗುತ್ತಿತ್ತು. ಕಾಲುವೆ ಬಂದಾಗ ಆಂಧ್ರದ ಕರಾವಳಿ ಕಡೆಯಿಂದ ಬಂದವರು ಸುತ್ತ ಕ್ಯಾಂಪು ಕಟ್ಟಿ, ದಿನ್ನೆ ಕಡಿದು, ತಗ್ಗು ತುಂಬಿ, ಭತ್ತ ಹಚ್ಚಿದರು. ಅದನ್ನು ನೋಡಿ ಊರವರೂ ಹಚ್ಚಿದರು. ಕ್ಯಾಂಪಿನವರು ಒಂದೊಂದು ಗದ್ದೆಗೂ ಬಸಿಗಾಲುವೆ ತೋಡಿದ್ದು ಮಾತ್ರ ಊರ ಯಾವ ಬುದ್ಧಿವಂತನ ಕಣ್ಣಿಗೂ ಬೀಳಲಿಲ್ಲ. ಶಿವಶರಣಪ್ಪ ಅವರಿಗಿಂತ ಒಂದು ಕೈ ಮುಂದೆ ಹೋಗಿ, ಇದ್ದ ಹಳ್ಳಕ್ಕೇ ಟ್ರ್ಯಾಕ್ಟರಿನಿಂದ ಮಣ್ಣು ಹೊಡೆಸಿ ಅದನ್ನೂ ಗದ್ದೆ ಮಾಡಿದರು. 'ಶಿವಶರಣಪ್ಪನ ಹಳ್ಳದ ಗದ್ದಿ' ಎಂದು ಅದಕ್ಕೆ ಹೆಸರೇ ಬಿತ್ತು. ಮೀಸೆ ಬಂದಿದ್ದು ಗಂಡನಿಗೆ, ನೀರು ನಿಂತಿದ್ದು ಹೆಂಡತಿಯ ಹೊಲದಲ್ಲಿ.

ಹಳ್ಳ ಬಿಡಿಸಿ ಎಂದು ಅವಳು ಕೇಳದ ವರ್ಷವಿರಲಿಲ್ಲ.

"ನಡುವ ಒಂದು ಕಾಲುವಿ ಹಿಡಸ್ರಿ. ಇಡೀ ಗದ್ದಿ ಏನು ಕೇಳಾಕತ್ತಿಲ್ಲ ನಾ."

"ಹುಚ್ಚಿ ಇದ್ದೀ ನೋಡು ನೀ. ನನ್ನ ಕೈಯಾರೆ ಮಾಡಿದ ಗದ್ದಿ ಅದು. ಹೊಟ್ಟಿ ಸೀಳ್ಕೋ ಅಂದಂಗಾತು. ನಿನ್ನ ಹೊಲ ಹೋದ್ರ ಹೋತು, ಮನ್ಯಾಗ ಅಕ್ಕಿಗೇನು ಕಮ್ಮಿ ಐತಿ?"

ಅಷ್ಟಕ್ಕೇ ಮಾತು ಮುಗಿಯುತ್ತಿತ್ತು. ಆಮೇಲೆ ರೊಟ್ಟಿ ಕೇಳಲು ತಟ್ಟೆ ಮುಂದೆ ಸರಿಯುತ್ತಿತ್ತು.

ಕಾರಹುಣ್ಣಿಮೆಗೆ ಕಿರಿಯ ಮಗ ಸಂಗನಬಸವ ಬಂದ. ಲಿಂಗಸುಗೂರಿನ ಕಾಲೇಜಿನಲ್ಲಿ ಭೂಗೋಳದ ಮಾಸ್ತರ. ಅದಕ್ಕೂ ಮೊದಲು ವರ್ಷಗಟ್ಟಲೆ ಕುಮಟಾ ಕಡೆ ಇದ್ದು, ಉತ್ತರ ಕರಾವಳಿಯ ಭೂಮಿಯ ಬಗ್ಗೆ ಅದೇನೋ ದೊಡ್ಡ ಪ್ರಬಂಧ ಬರೆಯುತ್ತಿದ್ದ. ಬರೆಯುತ್ತಲೇ ಇದ್ದ. ಅಷ್ಟು ವರ್ಷ ಸಮುದ್ರದ ದಂಡೆಯಲ್ಲಿದ್ದರೂ ಈಜು ಕಲಿಯದೆ ಬಂದವನು, ಸಮುದ್ರದ ಬಗ್ಗೆ ಮಾತಾಡುವುದನ್ನು ಮಾತ್ರ ಚೆನ್ನಾಗಿ ಕಲಿತು ಬಂದಿದ್ದ. ಈ ಸಲ ಬರುವಾಗ ಹುಲ್ಲಿನ ಹಗ್ಗ ಸುತ್ತಿದ ಒಂದು ಮುಡಿ ತಂದಿದ್ದ. ರಾಜಶ್ರೀ ಅದನ್ನು ಕುಂಬಳಕಾಯಿ ಇದ್ದೀತೆಂದು ಎತ್ತಲು ಹೋಗಿ ನಡು ಹಿಡಿದುಕೊಂಡಳು.

"ಬೀಜ ಅದು ವೈನಿ, ಭತ್ತದ್ದು," ಎಂದ ಸಂಗನಬಸವ. ಊಟಕ್ಕೆ ಕೂತ ಮೇಲೆ ಪಾಠ ಶುರುವಾಯಿತು. "ಅಲ್ಲಿ ಅಘನಾಶಿನಿ ಹೊಳಿ ಸಮುದ್ರ ಸೇರೂವಲ್ಲಿ ಗಜನಿ ಅಂತ ಭೂಮಿ ಐತಿ ಯವ್ವಾ. ಸಮುದ್ರದ ಉಪ್ಪುನೀರು ಒಳಗ ನುಗ್ಗೂ ಜಾಗ. ಹಿಂದಿನೋರು ಊರೆಲ್ಲ ಕೂಡಿ ಒಡ್ಡು ಹಾಕಿ, ಮಳಿಗಾಲದಾಗ ಈ ಕಗ್ಗ ಭತ್ತ ಬೆಳೀತಿದ್ರು. ಉಪ್ಪಿಗೆ ಬಗ್ಗಂಗಿಲ್ಲ ಇದು, ನೆರೀಗೂ ಬಗ್ಗಂಗಿಲ್ಲ. ನಿನ್ನ ಸವಳು ಹೊಲಕ್ಕ ಹೇಳಿ ಮಾಡಿಸಿದಂಗೈತಿ. ಗೊಬ್ಬರ ಬ್ಯಾಡ, ಔಷಧ ಬ್ಯಾಡ."

"ಗೊಬ್ಬರ ಬ್ಯಾಡ, ಔಷಧ ಬ್ಯಾಡ ಅಂದ್ರ ನಾ ಏನು ಮಣ್ಣು ತಿನ್ಲೇನಲೇ?" ಎಂದ ಹಿರಿಯ ಮಗ ಸಿದ್ದಲಿಂಗೇಶ. ಅವನದು ಸಿಂಧನೂರಿನಲ್ಲಿ ಗೊಬ್ಬರದ ಅಂಗಡಿ.

"ಅಲ್ಲಿ ಈಗೂ ಎಲ್ಲರೂ ಇದನ್ನ ಬೆಳೀತಾರೇನು?" ಎಂದಳು ಗುರುಲಿಂಗಮ್ಮ.

ಸಂಗನಬಸವನ ದನಿ ಇಳಿಯಿತು. "ಇಲ್ಲ. ನಡುವ ಸಿಗಡಿ ಹೊಂಡದ ಹುಚ್ಚು ಬಂತು. ಭತ್ತ ಬಿಟ್ಟು ಸಿಗಡಿ ಬಿಟ್ರು. ಆಮ್ಯಾಲ ಸಿಗಡಿಗೆ ರೋಗ ಬಂತು. ಒಡ್ಡು ಒಡದ್ವು. ಭಾಳ ಭೂಮಿ ಪಾಳು ಬಿದ್ದಾವ."

"ಅವರು ಬಿಟ್ಟಿದ್ದನ್ನ ನೀ ನನಗ ತಂದಿ," ಎಂದಳು ತಾಯಿ. ಆದರೂ ಬಿತ್ತಲು ಒಪ್ಪಿದಳು. ಹೇಗೂ ಖಾಲಿ ಬಿದ್ದ ಹೊಲ. ಒಳಗೊಳಗೇ ಒಂದು ಆಸೆಯೂ ಇತ್ತು. ಜೋಳ ಅಲ್ಲದಿದ್ದರೂ ತನ್ನ ಹೊಲದ್ದು ಎನ್ನುವ ಒಂದು ಹಿಡಿ ಕಾಳು ಮನೆಗೆ ಬರಲಿ ಎನ್ನುವ ಆಸೆ.

ಬೀಜ ನೆನೆಸಿ, ಮೊಳಕೆ ಬರಿಸಿ, ಕೆಸರಿಗೆ ಚೆಲ್ಲಿದರು. ಸಂಗನಬಸವ ಪ್ಯಾಂಟು ಮಡಚಿ ಒಂದು ಸಾಲು ಚೆಲ್ಲಿದ, ನಾಲ್ಕು ಫೋಟೋ ತೆಗೆಸಿಕೊಂಡ, ಲಿಂಗಸುಗೂರಿನ ಬಸ್ಸು ಹತ್ತಿದ. ಉಳಿದದ್ದನ್ನು ಅತ್ತೆ ಸೊಸೆ ಚೆಲ್ಲಿದರು. ಆಶ್ಚರ್ಯವೆಂದರೆ ಪೈರು ಎದ್ದಿತು. ತಿಳಿ ಹಸಿರು, ಸಣಕಲು, ಆದರೂ ಎದ್ದಿತು. ಗುರುಲಿಂಗಮ್ಮ ದಿನಾ ಬೆಳಗ್ಗೆ ಹೋಗಿ ಬದುವಿನ ಮೇಲೆ ನಿಂತು ಬರುತ್ತಿದ್ದಳು. ಬಂದು ಸೊಸೆಯ ಮೇಲೆ ರೇಗುವುದನ್ನು ಮರೆಯುತ್ತಿದ್ದಳು.

ಕೆಡಿಸಿದ್ದು ಸಿದ್ದಲಿಂಗೇಶ. ರಸ್ತೆಯಲ್ಲಿ ಹೋಗುವ ಗಿರಾಕಿಗಳು "ಗೊಬ್ಬರದಂಗಡಿ ಸಾವ್ಕಾರ್ರ ಪೈರಿಗೆ ಅರಿಷಿಣ ಕಾಮಣಿ ಆಗೈತೇನು?" ಎಂದು ನಕ್ಕರಂತೆ. ಅಂಗಡಿಯ ಮರ್ಯಾದೆಯ ಪ್ರಶ್ನೆ! ಯಾರಿಗೂ ಹೇಳದೆ ಯೂರಿಯಾ ತಂದು ಎರಚಿಸಿದ. ಮೊದಲೇ ಎತ್ತರ ಹೋಗುವ ಜಾತಿಯ ಕಗ್ಗ, ಯೂರಿಯಾ ಉಂಡು ಹುಲ್ಲಿನಂತೆ ಜಿಗಿದು, ಕಪ್ಪು ಹಸಿರಾಗಿ, ನಿಲ್ಲುವ ತ್ರಾಣವಿಲ್ಲದೆ ನೆಲಕ್ಕೆ ಮಲಗಿತು. ಅಷ್ಟರಲ್ಲಿ ಕಾಲುವೆಗೂ ನೀರು ಬಿಟ್ಟರು. ಮೇಲಿನ ಗದ್ದೆಗಳಿಗೆ ನಾಟಿ ಆಯಿತು, ಬಸಿ ನೀರೆಲ್ಲ ಇಳಿದು ಬಂದು ಮಲಗಿದ ಪೈರಿನ ಮೇಲೆ ನಿಂತಿತು. ನಿಂತದ್ದು ಹೋಗಲಿಲ್ಲ. ಹೊಲ ಕೊಳೆತು ನಾರಿತು.

ಶನಿವಾರ ಬಂದ ಸಂಗನಬಸವ ಬದುವಿನ ಮೇಲೆ ನಿಂತು ಅಣ್ಣನನ್ನು ಬೈದ. ಅಣ್ಣ ಸಮುದ್ರವನ್ನು ಬೈದ. ಗುರುಲಿಂಗಮ್ಮ ಇಬ್ಬರನ್ನೂ ನೋಡಿದಳು. ಹೆತ್ತ ಹೊಟ್ಟೆಗೆ ಇಂಥವರೇ ಸಿಗಬೇಕಿತ್ತೇ ಅನ್ನಿಸಿತು.

"ಸಂಗಣ್ಣಾ, ಅಲ್ಲಿ ಗಜನ್ಯಾಗ ನೀರು ಹಿಂಗ ನಿಂತ್ರ ಏನ್ಮಾಡ್ತಾರ?"

"ನಿಂದ್ರಂಗಿಲ್ಲ ಯವ್ವಾ. ಸಮುದ್ರ ದಿನಾ ಏರ್ತೈತಿ, ಇಳೀತೈತಿ. ಒಡ್ಡಿನಾಗ ಹಲಗಿ ಬಾಗ್ಲ ಇರ್ತಾವ. ಸಮುದ್ರ ಇಳಿದಾಗ ಬಾಗ್ಲ ತೆಗೀತಾರ, ಗದ್ದಿ ನೀರೆಲ್ಲ ಹೊರಗ ಹೋಗ್ತೈತಿ. ಏರೂ ಮುಂದ ಹಾಕ್ತಾರ."

"ಹಂಗಾರ ಬೀಜದ್ದಲ್ಲ ಕರಾಮತ್ತು, ಬಾಗ್ಲದ್ದು."

ಗುರುಲಿಂಗಮ್ಮ ಕೆಳಗಿನ ಹಳ್ಳದ ಗದ್ದೆಯ ಕಡೆ ಕೈ ಮಾಡಿದಳು.

"ಇಲ್ಲಿ ಬಾಗ್ಲ ಎಲ್ಲೈತಿ? ನಿಮ್ಮಪ್ಪ ಮಣ್ಣು ಹೊಡದು ಮುಚ್ಯಾನ. ನೀ ಓದಿದಾವ. ಹೋಗಿ ಕೇಳು, ಹಳ್ಳ ಬಿಡ್ಸು ಅಂತ."

ಓದಿದವನು ಮನೆಗೆ ಬಂದು ಅಪ್ಪನ ಎದುರು ಹೋಗಿ ನಿಂತ. ಅಪ್ಪ ಪೇಪರಿನಿಂದ ತಲೆ ಎತ್ತಿದರು. "ಏನಪಾ?" ಎಂದರು. "ಏನಿಲ್ಲ, ಬಸ್ಸಿಗೆ ಹೊತ್ತಾತು," ಎಂದ. ಅಡುಗೆಮನೆಯಲ್ಲಿದ್ದ ಅತ್ತೆ ಸೊಸೆ ಒಬ್ಬರನ್ನೊಬ್ಬರು ನೋಡಿಕೊಂಡರು.

ಶ್ರಾವಣ ಬಂತು. ಮಠದಲ್ಲಿ ಸಂಜೆ ಸಂಜೆ ಪುರಾಣ ಶುರುವಾಯಿತು. ಶಿವಶರಣಪ್ಪ ಮುಂದಿನ ಸಾಲಿನಲ್ಲಿ ಕೂತು ಶರಣರ ಕತೆ ಕೇಳಿ, ಎರಡು ಹೊತ್ತು ಲಿಂಗಪೂಜೆ ಮಾಡಿ, ಈರುಳ್ಳಿಯನ್ನೂ ಬಿಟ್ಟರು. ಅಂಥ ಪವಿತ್ರ ತಿಂಗಳಲ್ಲೇ ಸಿದ್ದಲಿಂಗೇಶ ಕ್ಯಾಂಪಿನ ರಾಜು ಅವರನ್ನು ಮನೆಗೆ ಕರೆತಂದ. ರಾಜು ಅವರ ಮನೆಯವರು ಅಜ್ಜನ ಕಾಲದಲ್ಲಿ ಭೀಮಾವರದ ಕಡೆಯಿಂದ ಬಂದವರು; ಕನ್ನಡದಲ್ಲಿ ತೆಲುಗು ಬೆರೆಸಿ, ಮರ್ಯಾದೆಗೆ 'ಅಂಡಿ' ಎನ್ನುತ್ತಿದ್ದರು. ಸವಳು ಹೊಲ ಗುತ್ತಿಗೆ ಹಿಡಿದು ಸಿಗಡಿ ಹೊಂಡ ಮಾಡುವ ವಿಚಾರ ಅವರದು. ಉಪ್ಪು ನೀರು ಸಿಗಡಿಗೆ ಒಗ್ಗುತ್ತದಂತೆ. ಅವರು ಹೇಳಿದ ಗುತ್ತಿಗೆ ಕೇಳಿ ಶಿವಶರಣಪ್ಪನ ಕಣ್ಣು ವಿಭೂತಿಗಿಂತ ಮೇಲೆ ಹೋದವು.

"ಸಿಗಡಿ ಅಂದ್ರ ಹುಳಾನೋ ಮೀನೋ?" ಎಂದಳು ಗುರುಲಿಂಗಮ್ಮ, ಗೊತ್ತಿದ್ದೂ.

"ಏನರ ಇರ್ಲಿ. ನಾವು ತಿನ್ನಂಗಿಲ್ಲಲ್ಲ," ಎಂದರು ಶಿವಶರಣಪ್ಪ.

"ನಮ್ಮ ಹೊಲದಾಗ ಬೆಳಿಸ್ತೀರಿ."

"ಬೆಳಿಸೋರು ನಾವಲ್ಲ, ರಾಜು ಅವರು. ಅವು ಇರೂದು ನೀರಾಗ. ನೀರಂದ್ರ ಗಂಗಿ."

"ಮಠದಾಗ ಇದನ್ನ ಹಿಂಗ ಬಿಡಿಸಿ ಹೇಳ್ರಿ. ಸ್ವಾಮಿಗಳಿಗೂ ಪುರಾಣಕ್ಕ ಒಂದು ಹೊಸ ಅಧ್ಯಾಯ ಆಗ್ತೈತಿ."

ಶಿವಶರಣಪ್ಪ ಕೆಮ್ಮಿದರು. ರಾಜು ಅವರು ಮಾತ್ರ ಈ ಜಗಳಕ್ಕೆ ತಲೆ ಹಾಕದೆ ಹೊಲ ನೋಡಲು ಎದ್ದರು. ಮೂರೆಕರೆ ಸುತ್ತಿದರು, ಕೆಳಗಿನ ಹಳ್ಳದ ಗದ್ದೆ ನೋಡಿದರು, ಬದುವಿನ ಮೇಲೆ ಕೂತು ಬೂಟಿನ ಕೆಸರು ತೆಗೆದರು.

"ಅಪ್ಪಾಜಿ, ಹೊಂಡಾನಿಗೆ ನೀರು ಬರೋದು ಮುಖ್ಯ ಅಲ್ಲ ಅಂಡಿ, ಹೋಗೋದು ಮುಖ್ಯ. ಈ ಕೆಳಗಿನ ಗದ್ದೆ ನಡುವೆ ದೊಡ್ಡ ಕಾಲುವೆ ತೋಡಿ, ಆ ಕಡೆ ಹಳ್ಳಾನಿಗೆ ಸೇರಿಸಿ ಕೊಡ್ಬೇಕು. ಅದಾದ್ರೆ ಅಗ್ರಿಮೆಂಟು. ಇಲ್ಲಾಂದ್ರೆ ನಂಗೆ ಬೇಡ."

ಹಳ್ಳದ ಗದ್ದೆಯಲ್ಲಿ ನಾಟಿಯಾದ ಪೈರು ಆಗಲೇ ತುಂಬಿಕೊಂಡು ನಿಂತಿತ್ತು. ಗುರುಲಿಂಗಮ್ಮ ಗಂಡನ ಬಾಯನ್ನೇ ನೋಡಿದಳು. ಹೊಟ್ಟೆ ಸೀಳಿಕೊಳ್ಳುವ ಮಾತು ಈಗ ಬಂದೀತು ಎಂದು ಕಾದಳು.

"ಅದಕ್ಕೇನು ರಾಜು ಅವ್ರೇ, ತೋಡಿಸಿ ಬಿಡೂಣು," ಎಂದರು ಶಿವಶರಣಪ್ಪ. "ಮಿಷಿನ್ನು ಹೇಳ್ರಿ. ಖರ್ಚು ನಮ್ಮದು."

ಇಷ್ಟೇ. ಒಂದು ಉಸಿರಿನ ಮಾತು. ಇಷ್ಟು ಹೇಳಿಸಲು ಅವಳು ಮುದುಕಿಯಾಗಿದ್ದಳು. ಎದೆಯಲ್ಲಿ ಉರಿ ಎದ್ದಿತು, ಅದರ ಹಿಂದೆಯೇ ನಗು ಬಂತು. ಸೆರಗು ಬಾಯಿಗೆ ಇಟ್ಟುಕೊಂಡು ಮನೆಗೆ ಬಂದಳು. ಅಂದು ಸಂಜೆ ಹಿಟ್ಟು ನಾದುತ್ತ ರಾಜಶ್ರೀ ಕೇಳಿಯೇ ಬಿಟ್ಟಳು.

"ಅತ್ತಿ, ಹೊಲ ನಿಮ್ಮದು. ನೀವು ಸುಮ್ನ ಕುಂತೀರಲ್ಲ?"

"ನನ್ನ ಯಾರರ ಏನರ ಕೇಳ್ಯಾರೇನು?"

"ಇಲ್ಲ."

"ಕೇಳೂತನ ಸುಮ್ನಿರ್ತೀನಿ. ಹಳ್ಳ ಆಗ್ಲಿ ಮೊದ್ಲ."

ರಾಜಶ್ರೀ ನಾದುವ ಕೈ ನಿಲ್ಲಿಸಿದಳು. ಆಮೇಲೆ ಅವಳೂ ಸೆರಗು ಬಾಯಿಗೆ ಇಟ್ಟುಕೊಂಡಳು. ಮದುವೆಯಾಗಿ ಬಂದಾಗಿನಿಂದ ಅತ್ತೆ ಸೊಸೆ ಒಂದೇ ವಿಷಯಕ್ಕೆ ನಕ್ಕದ್ದು ಅದೇ ಮೊದಲು.

ಆದರೆ ಊರಿಗೆ ಏನು ಹೇಳುವುದು? ನಿಂತ ಪೈರನ್ನು ಸೀಳಿಸಿ ಕಾಲುವೆ ತೋಡಿಸಿದರೆ ನಾಲ್ಕು ಮಂದಿ ಕೇಳದೆ ಬಿಡುತ್ತಾರೆಯೇ? ಶ್ರಾವಣದಲ್ಲಿ ಸಿಗಡಿ ಹೊಂಡದ ಹೆಸರೆತ್ತುವಂತಿರಲಿಲ್ಲ. ಶಿವಶರಣಪ್ಪ ಹೋಟೆಲಿನ ಬೆಂಚಿನ ಮೇಲೆ ಕೂತು ಬೇರೆ ರಾಗ ತೆಗೆದರು.

"ಮನ್ಯಾಕಿ ಹೊಲ ಸವಳಾಗಿ ಹಾಳಾಗಾಕತ್ತೈತಿ. ತವರಿನ ಅರಿಷಿಣ ಕುಂಕುಮದ ಹೊಲ. ಅಕಿ ಕಣ್ಣೀರು ನೋಡಾಕಾಗವಲ್ದು. ನನ್ನ ಗದ್ದಿ ಹೋದ್ರ ಹೋಗ್ಲಿ ಅಂತ ಹಳ್ಳ ಬಿಡಸಾಕತ್ತೀನಿ."

ಕೇಳಿದವರು ತಲೆದೂಗಿದರು. ಗುರುಲಿಂಗಮ್ಮನ ಕಣ್ಣೀರನ್ನು ಆ ಊರಲ್ಲಿ ಯಾರೂ ಕಂಡವರಿರಲಿಲ್ಲ. ಆದರೂ ಮಾತು ಓಣಿ ಓಣಿ ಸುತ್ತಿ ಅವಳ ಅಡುಗೆಮನೆಗೂ ಬಂತು. ಕೇಳಿ ಅವಳು ಒಗ್ಗರಣೆಗೆ ಸಾಸಿವೆ ಹಾಕಿದಳು, ಅಷ್ಟೇ.

ಚೈನಿನ ಮಿಷಿನ್ನು ಬಂತು. ಹಸಿರು ಪೈರಿನ ನಡುವೆ ಇಳಿದು ಮಣ್ಣು ಬಗೆಯಿತು. ಶಿವಶರಣಪ್ಪ ಕೊಡೆ ಹಿಡಿದು ನಿಂತು "ಇನ್ನೂ ಆಳಾಗ್ಲಿ, ಇನ್ನೂ ಅಗಲಾಗ್ಲಿ" ಎಂದು ಕೂಗುತ್ತಿದ್ದರು. ತಾವೇ ತುಂಬಿಸಿದ ಮಣ್ಣನ್ನು ತಾವೇ ಖರ್ಚು ಮಾಡಿ ತೆಗೆಸುತ್ತಿದ್ದರು. ಮಿಷಿನ್ನಿನ ಬಕೀಟು ಕೊನೆಯ ತಡೆಯನ್ನು ಎತ್ತಿದ್ದೇ, ಮೇಲೆ ಗುರುಲಿಂಗಮ್ಮನ ಹೊಲದಲ್ಲಿ ನಿಂತ ಕಪ್ಪು ನೀರು ಒಮ್ಮೆ ತಡವರಿಸಿ, ದಾರಿ ನೆನಪಾದಂತೆ ಹರಿಯಿತು. ಬದುವಿನ ಮೇಲೆ ನಿಂತ ಅವಳು ಮುಖ ಆಚೆ ತಿರುಗಿಸಿದಳು. ಯಾರಿಗೂ ಕಾಣದಂತೆ ಮೂಗು ಸೀಟಿದಳು.

ಅಗ್ರಿಮೆಂಟಿನ ದಿನ ಮನೆಯಲ್ಲಿ ಹಬ್ಬದ ಸಡಗರ. ರಾಜು ಅವರು ಛಾಪಾ ಕಾಗದದೊಂದಿಗೆ ಬಂದರು. ಸಂಗನಬಸವನೂ ಲಿಂಗಸುಗೂರಿನಿಂದ ಬಂದಿದ್ದ. "ಕರಾವಳಿಯೊಳಗ ಸಿಗಡಿಯಿಂದ ಏನಾತು ಅಂತ ನನ್ನ ಪ್ರಬಂಧದಾಗ ಬರೆದೀನಿ," ಎಂದು ಗೋಡೆಗೆ ಹೇಳಿದ. ಗೋಡೆ ಕೇಳಿಸಿಕೊಂಡಿತು. ಗುರುಲಿಂಗಮ್ಮ ರಾಜು ಅವರಿಗೆ ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ ಬಡಿಸಿದಳು. ಅವರು ಹೊಟ್ಟೆ ತುಂಬ ಉಂಡು, ಕೈ ತೊಳೆದು, ಕಾಗದವನ್ನು ಅವಳ ಮುಂದಿಟ್ಟರು.

"ಇಲ್ಲಿ ಸಹಿ ಅಮ್ಮಾ."

"ಮಾಡಂಗಿಲ್ಲರೀ."

ಕಾಗದವನ್ನು ಅವರ ಕಡೆಗೇ ಸರಿಸಿದಳು.

"ಹೊಲ ಕೊಡಂಗಿಲ್ಲ. ನನ್ನ ಹೊಲ, ನಾ ಜ್ವಾಳ ಬಿತ್ತಾಕಿ," ಎಂದಳು ಗುರುಲಿಂಗಮ್ಮ.

"ಮೊದಲೇ ಹೇಳ್ಬೇಕಿತ್ತಲ್ಲ ಅಮ್ಮಾ," ಎಂದರು ರಾಜು.

"ನೀವು ನನ್ನ ಕೇಳಲಿಲ್ಲಲ್ರೀ. ಇವರನ್ನ ಕೇಳಿದ್ರಿ. ಇವರು ಹೂಂ ಅಂದ್ರು. ಇವರ ಹೊಲ ಬೇಕಾದ್ರ ಹಿಡೀರಿ, ನಾ ಬ್ಯಾಡನ್ನಂಗಿಲ್ಲ."

ರಾಜು ಅವರು ಅವಳನ್ನು ನೋಡಿದರು, ಶಿವಶರಣಪ್ಪನನ್ನು ನೋಡಿದರು, ಕಾಗದ ಮಡಚಿದರು. "ರೊಟ್ಟಿ ಬಹಳ ಚೆನ್ನಾಗಿತ್ತು ಅಂಡಿ," ಎಂದು ಕೈ ಮುಗಿದು ಹೊರಟರು. ಅವರಿಗೆ ಸವಳು ಹೊಲ ಹುಡುಕಲು ಕಷ್ಟವಿರಲಿಲ್ಲ. ಆ ಸೀಮೆಯಲ್ಲಿ ಹಳ್ಳ ಮುಚ್ಚಿದ ಬುದ್ಧಿವಂತರು ಇನ್ನೂ ಬೇಕಾದಷ್ಟಿದ್ದರು.

ಬೈಕಿನ ಸದ್ದು ದೂರವಾಗುವವರೆಗೆ ಶಿವಶರಣಪ್ಪ ತಡೆದುಕೊಂಡರು.

"ಮಾನ ಕಳದ್ಯಲ್ಲೇ ನಂದು! ಬೆಳದು ನಿಂತ ಪೈರು ಸೀಳಿಸೀನಿ ನಾ!"

"ನಾ ಕೇಳಿದಾಗ ಒಂದು ಸಸಿ ಕೀಳ್ಲಿಲ್ಲ ನೀವು. ಸಿಗಡಿ ಕೇಳಿದ್ಕೂಡ್ಲೆ ಗದ್ದೀನ ಸೀಳಿದ್ರಿ. ನಿಮ್ಮ ಕಣ್ಣಾಗ ನನಗ ಒಂದು ಹುಳದಷ್ಟೂ ಕಿಮ್ಮತ್ತಿಲ್ಲ ಅಂತ ಗೊತ್ತಾತು. ಬಿಡ್ರಿ, ಹಳ್ಳ ಅಂತೂ ಆತು."

"ನಾಳೆನ ಮುಚ್ಚಸ್ತೀನಿ!"

"ಮುಚ್ಚಸ್ರಿ. ಯಾರ ಸಲುವಾಗಿ ತೆಗೆಸಿದ್ದೀ, ಯಾಕ ಮುಚ್ಚಿದೀ ಅಂತ ಊರು ಕೇಳ್ತೈತಿ. ಏನಂತೀರಿ ಅನ್ನೂದನ್ನ ಒಂದಿಷ್ಟು ವಿಚಾರ ಮಾಡಿ ಇಟ್ಟುಕೊಳ್ರಿ."

ವಿಚಾರ ಮಾಡಲು ಊರು ಅವರಿಗೆ ಹೊತ್ತು ಕೊಡಲಿಲ್ಲ. ಮರುದಿನವೇ ಪುರಾಣದ ಮಂಗಲ. ಮಠದ ತುಂಬ ಜನ. ಪ್ರಸಾದಕ್ಕೆ ಮೊದಲು ಸ್ವಾಮಿಗಳು ಮೈಕಿನ ಮುಂದೆ, ಮಡದಿಯ ತವರಿನ ಹೊಲ ಉಳಿಸಲು ತನ್ನ ಬೆಳೆದು ನಿಂತ ಗದ್ದೆಯನ್ನೇ ಸೀಳಿಸಿದ ಗೃಹಸ್ಥನ ತ್ಯಾಗವನ್ನು ಬಾಯಿ ತುಂಬ ಹೊಗಳಿ, ಶಿವಶರಣಪ್ಪನನ್ನು ಕರೆದು ಶಾಲು ಹೊದಿಸಿದರು. ಚಪ್ಪಾಳೆ ಬಿದ್ದಿತು. ಶಿವಶರಣಪ್ಪ ಎರಡೂ ಕೈ ಮುಗಿದು, ತಲೆ ತಗ್ಗಿಸಿ, ಅದನ್ನೆಲ್ಲ ಸ್ವೀಕರಿಸಿದರು. ಹೆಂಗಸರ ಸಾಲಿನಲ್ಲಿ ಕೂತ ಗುರುಲಿಂಗಮ್ಮ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದಳು.

ಮುಚ್ಚಿಸುವ ಮಾತು ಅಲ್ಲಿಗೆ ಸತ್ತಿತು. ಬೆಳಗಾದರೆ ಊರವರು ಹಳ್ಳ ನೋಡಲು ಬರತೊಡಗಿದರು. ಬಂದವರ ಎದುರು ಸುಮ್ಮನೆ ನಿಲ್ಲಲಾಗದೆ ಶಿವಶರಣಪ್ಪ ಸಲಿಕೆ ಹಿಡಿದು ಕಾಲುವೆಗಿಳಿದು, ಕುಸಿದ ಮಣ್ಣು ತೆಗೆಯುತ್ತಿದ್ದರು. ಹೆಗಲ ಮೇಲೆ ಮಠದ ಶಾಲು ಇನ್ನೂ ಇತ್ತು. ಒಂದು ದಿನ ಗುರುಲಿಂಗಮ್ಮನೂ ಸೊಸೆಯ ಕೈ ಹಿಡಿದು ಇಳಿದಳು. ಹರಿಯುವ ನೀರಿಗೆ ಬೆರಳದ್ದಿ ನಾಲಿಗೆಗೆ ಇಟ್ಟು, ಥೂ ಎಂದು ಉಗುಳಿದಳು.

"ಉಪ್ಪೈತೇನ್ರಿ ಅತ್ತಿ?" ಎಂದಳು ರಾಜಶ್ರೀ.

"ಐತಿ. ಹೊಂಟೈತಿ."

ಶಿವಶರಣಪ್ಪ ಸಲಿಕೆ ಊರಿ ನಿಂತರು. ನೋಡಲು ಬಂದವರು ಅಷ್ಟು ದೂರ ಹೋಗಿದ್ದರು. ದನಿ ತಗ್ಗಿಸಿ ಕೇಳಿದರು, "ಜ್ವಾಳ ಯಾವಾಗ ಬರ್ತಾವ ಇದರಾಗ?"

"ಇಷ್ಟು ವರ್ಷ ಕೂಡಿದ ಉಪ್ಪು, ಒಂದು ಮಳಿಗೆ ಹೋದೀತೇನು? ಅಲ್ಲೀತನ ಬೀಗರ ಮನಿ ಜ್ವಾಳನ ತಿನ್ರಿ," ಎಂದಳು ಗುರುಲಿಂಗಮ್ಮ, ದಂಡೆ ಹತ್ತುತ್ತ. "ಶಾಲು ಹೊಚ್ಚಿಕೊಂಡು ತಿನ್ರಿ. ಚಂದ ಕಾಣ್ತೀರಿ."